ನಿಲ್ಲಿಸುವುದೂ ಕೆಲಸವೇ

ಒಲೆ ಹಚ್ಚುವುದನ್ನು ಕಲಿಸುವವರು ಊರು ತುಂಬ ಇದ್ದಾರೆ. ಆರಿಸುವುದನ್ನು ಕಲಿಸುವವರು ಎಲ್ಲಿ? ಸಿ ಭಾಷೆ ಕಲಿಯುವ ಮಕ್ಕಳ ನೋಟ್‌ಬುಕ್ ತಿರುವಿದಾಗಲೆಲ್ಲ ನನಗೆ ಬರುವ ಸಿಟ್ಟು ಇದೇ. ಬಿ.ಎ., ಬಿ.ಎಡ್. ಮಾಡಿದ ಟೀಚರಮ್ಮನಿಗೆ ಕಂಪ್ಯೂಟರಿನ ಉಸಾಬರಿ ಯಾಕೆ ಎಂದು ಮೂಗು ಮುರಿಯುವವರು ಮುರಿಯಲಿ. ಅರ್ಧಕ್ಕೆ ಬಿಟ್ಟ ಕೆಲಸವನ್ನು ಗುರುತಿಸಲು ಪದವಿ ಬೇಕಾಗಿಲ್ಲ.

ವಿಷಯ ಇಷ್ಟು. ಕೆಲವು ಪ್ರೋಗ್ರಾಂಗಳು ಒಂದು ಲೆಕ್ಕ ಮಾಡಿ ಮುಗಿಸಿ ಹೋಗುವಂಥವಲ್ಲ, ಕಾಯುತ್ತಾ ಕೂರುವಂಥವು. ದೂರದಿಂದ ಸಂದೇಶ ಬಂತೇ, ಗಡಿಯಾರದ ಹೊತ್ತು ಆಯಿತೇ ಎಂದು ನೋಡುವುದು, ಆದದ್ದಕ್ಕೆ ಗೊತ್ತುಮಾಡಿದ ಕೆಲಸ ಮಾಡುವುದು, ಮತ್ತೆ ಕಾಯುವುದು. ಈ ಸುತ್ತಿಗೆ ಇವೆಂಟ್ ಲೂಪ್ ಎಂದು ಹೆಸರು. ಸಿ ಭಾಷೆಯಲ್ಲಿ ಇದಕ್ಕೆ ಬಹಳ ಜನ ಬಳಸುವುದು ಲಿಬ್‌ಯುವಿ. ನೋಡ್ ಜೆಎಸ್‌ಗಾಗಿ ಹುಟ್ಟಿದ್ದು. ಅದರಲ್ಲಿ ಟೈಮರ್, ಸಾಕೆಟ್ ಮುಂತಾಗಿ ಕಾಯುವ ಒಂದೊಂದಕ್ಕೂ ಒಂದು ಹ್ಯಾಂಡಲ್.

ಶುರು ಮಾಡಲು ಯುವಿ_ರನ್ ಎಂಬ ಒಂದು ಕರೆ ಸಾಕು. ನಿಲ್ಲಿಸುವುದೋ? "ಯುವಿ_ಸ್ಟಾಪ್ ಅಂದರೆ ಆಯ್ತು" ಎಂದು ಬರೆಸಿಬಿಡುತ್ತಾರೆ. ಅದು ಸುತ್ತಿನಿಂದ ಹೊರಬರಲು ಹೇಳುತ್ತದೆ, ಅಷ್ಟೆ. ತೆರೆದ ಹ್ಯಾಂಡಲ್‌ಗಳು ತೆರೆದೇ ಇರುತ್ತವೆ. ಆಮೇಲೆ ಯುವಿ_ಲೂಪ್_ಕ್ಲೋಸ್ ಕರೆದರೆ ಅದು 'ಇನ್ನೂ ಕೆಲಸವಿದೆ' ಎಂಬ ಅರ್ಥದ ಇಬಿಝಿ ಎಂಬ ತಪ್ಪನ್ನು ಹಿಂದಿರುಗಿಸುತ್ತದೆ. ಆ ಉತ್ತರವನ್ನು ಓದುವ ತಾಳ್ಮೆ ಯಾರಿಗೂ ಇಲ್ಲ!

ಸರಿಯಾದ ಕ್ರಮ ಹೀಗೆ. ಮೊದಲು ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು. ಯುವಿ_ವಾಕ್‌ನಿಂದ ಉಳಿದ ಹ್ಯಾಂಡಲ್‌ಗಳನ್ನೆಲ್ಲ ನೋಡುತ್ತಾ, ಈಗಾಗಲೇ ಮುಚ್ಚುತ್ತಿರುವುದನ್ನು ಬಿಟ್ಟು, ಒಂದೊಂದನ್ನೂ ಯುವಿ_ಕ್ಲೋಸ್‌ಗೆ ಒಪ್ಪಿಸಬೇಕು. ಅದು ಆ ಕ್ಷಣವೇ ಮುಗಿಯುವುದಿಲ್ಲ. 'ಮುಚ್ಚಿದೆ' ಎಂದು ತಿಳಿಸುವ ಕಾಲ್‌ಬ್ಯಾಕ್ ಆಮೇಲೆ ಲೂಪ್ ತಿರುಗುವಾಗ ಬರುತ್ತದೆ. ಅದಕ್ಕೇ ಯುವಿ_ರನ್ ಅನ್ನು ಮತ್ತೆ ಓಡಿಸಬೇಕು. ಹ್ಯಾಂಡಲ್‌ನ ಜಾಗವನ್ನು ಬಿಡುಗಡೆ ಮಾಡುವುದು ಆ ಕಾಲ್‌ಬ್ಯಾಕ್ ಬಂದ ಮೇಲೆಯೇ, ಮೊದಲಲ್ಲ. ಕೊನೆಗೆ ಯುವಿ_ಲೂಪ್_ಕ್ಲೋಸ್.

ನನ್ನ ತಂಗಿಯ ಮಗ ನಗುತ್ತಾನೆ. "ಇಷ್ಟೆಲ್ಲ ಯಾಕೆ ದೊಡ್ಡಮ್ಮ? ಕಿಲ್ ಮೈನಸ್ 9 ಹೊಡೆದರೆ ಸತ್ತುಹೋಗುತ್ತೆ. ಮೆಮೊರಿಯನ್ನ ಆಪರೇಟಿಂಗ್ ಸಿಸ್ಟಮ್ಮೇ ವಾಪಸ್ ತಗೊಳ್ಳುತ್ತೆ."

ತಗೊಳ್ಳುತ್ತದೆ, ಸುಳ್ಳಲ್ಲ. ಆದರೆ ಬಫರಿನಲ್ಲೇ ಉಳಿದು ಫೈಲಿಗೆ ಇಳಿಯದ ಸಾಲುಗಳನ್ನು ಯಾರು ಬರೆಯುತ್ತಾರೆ? ಅರ್ಧ ಉತ್ತರ ಪಡೆದು ಆ ತುದಿಯಲ್ಲಿ ಕಾಯುವವರಿಗೆ ಯಾರು ಹೇಳುತ್ತಾರೆ? 9ನೇ ಸಿಗ್ನಲ್ಲನ್ನು ಯಾವ ಪ್ರೋಗ್ರಾಮೂ ತಡೆದು ಒಂದು ಮಾತು ಆಡಲಾರದು. 15ನೆಯದು ಹಾಗಲ್ಲ, 'ಹೊರಡುವ ಹೊತ್ತಾಯಿತು' ಎಂದು ಹೇಳಿ ಸಾವರಿಸಿಕೊಳ್ಳಲು ಬಿಡುತ್ತದೆ. ಅದೂ ಅಲ್ಲದೆ, ಒಂದೇ ಪ್ರೋಗ್ರಾಮಿನೊಳಗೆ ಲೂಪನ್ನು ನೂರು ಸಲ ಹಚ್ಚಿ ಆರಿಸುವುದಿದ್ದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಆಗ ಗುಡಿಸಲು ಆಪರೇಟಿಂಗ್ ಸಿಸ್ಟಮ್ ಬರುವುದಿಲ್ಲ, ಏಕೆಂದರೆ ಪ್ರೋಗ್ರಾಮ್ ಇನ್ನೂ ಬದುಕಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಈ ಭಾಷೆಯಲ್ಲಿ ಹಿಂದಿನಿಂದ ಬಂದು ಬಳಿಯುವ ಆಳೂ ಇಲ್ಲ. ಜಾಗ ತೆಗೆದುಕೊಂಡವರೇ ಬಿಟ್ಟುಕೊಡಬೇಕು.

ಹಾಗಾದರೆ ಇದನ್ನು ಪಾಠದಿಂದ ಬಿಟ್ಟವರಾರು? ಪರದೆಯ ಮೇಲೆ ಉತ್ತರ ಮೂಡಿದರೆ ಪೂರ್ತಿ ಅಂಕ ಕೊಡುವ ನಾವೇ, ಅಂದರೆ ಮೇಷ್ಟರ ಜಾತಿ. ಸಮಾರಂಭದಲ್ಲಿ ದೀಪ ಹಚ್ಚಿದವರ ಫೋಟೋ ಪೇಪರಿನಲ್ಲಿ ಬರುತ್ತದೆ; ಸಂಜೆ ಜಮಖಾನ ಸುತ್ತಿ, ಎಣ್ಣೆ ಒರೆಸಿ, ಬೀಗ ಹಾಕಿದವಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಮುಗಿಸುವ ಕೆಲಸ ಯಾರೋ ಮಾಡಿಕೊಳ್ಳುವಂಥದ್ದು ಎಂಬ ಈ ಹಳೆಯ ಧಿಮಾಕು ಈಗ ಕಂಪ್ಯೂಟರ್ ಕೋಣೆಗೂ ನುಸುಳಿದೆ. ನಮ್ಮ ಹೆಣ್ಣುಮಕ್ಕಳು ಆ ಕೋಣೆಗಳಿಗೆ ಹೋಗುತ್ತಿದ್ದಾರೆ. ಅಲ್ಲೂ ಇನ್ನೊಬ್ಬರು ಬಿಟ್ಟ ಎಂಜಲು ಬಳಿಯುವುದೇ ಅವರ ಪಾಲಾಗಬೇಕೇ?

ನಾನು ಕೇಳುವುದು ದೊಡ್ಡದೇನಲ್ಲ. 20 ಅಂಕದ ಪ್ರಾಕ್ಟಿಕಲ್‌ನಲ್ಲಿ 5 ಅಂಕ ಮುಚ್ಚುವುದಕ್ಕೆ ಇಡಿ. ಯುವಿ_ಲೂಪ್_ಕ್ಲೋಸ್ ಏನು ಉತ್ತರ ಕೊಟ್ಟಿತೆಂದು ಮಕ್ಕಳನ್ನು ಕೇಳಿ. ಎಲ್ಲ ಸರಿಯಾಗಿ ಮುಚ್ಚಿದ್ದರೆ ಅದು ಕೊಡುವುದು ಸೊನ್ನೆ. ಮೇಷ್ಟರು ಸಂತೋಷದಿಂದ ನೋಡಬೇಕಾದ ಸೊನ್ನೆ ಇದೊಂದೇ.