ಯುದ್ಧದ ಹೊರೆ ಯಾರ ಹೆಗಲಿಗೆ?

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಹತರಾದ 26 ಮಂದಿಯಲ್ಲಿ ನೆರೆಯ ಶಿವಮೊಗ್ಗದವರೊಬ್ಬರೂ ಇದ್ದರು. ಆಗ ದೇಶಕ್ಕೆ ಬಂದ ಕೋಪ ನ್ಯಾಯವಾದುದೇ. ಮೇ 7ರಂದು ನಮ್ಮ ಸೇನೆ ‘ಆಪರೇಷನ್ ಸಿಂಧೂರ’ ಕೈಗೊಂಡಿತು. ಮೇ 10ರಂದು ಕದನ ನಿಂತಿತು. ಆಯ್ಕೆಯಾಗಿ ಮೂರೇ ದಿನಗಳಾಗಿದ್ದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಮರುದಿನವೇ ಆ ಕದನವಿರಾಮವನ್ನು ಸ್ವಾಗತಿಸಿದರು. ಆದರೆ ಅದೇ ದಿನಗಳಲ್ಲಿ ಶಾಂತಿಯ ಮಾತನ್ನಾಡಿದವರನ್ನು ಹೇಡಿಗಳೆಂದು ಜರೆದವರೂ ಉಂಟು. ಯುದ್ಧಕಾಲದಲ್ಲಿ ಶಾಂತಿಯನ್ನು ಬೇಡುವವರು ಯಾರು, ಏಕೆ ಬೇಡುತ್ತಾರೆ ಎಂಬುದನ್ನು ನಾವು ಸಮಾಧಾನದಿಂದ ಯೋಚಿಸಬೇಕಾಗಿದೆ.

ದಾವಣಗೆರೆ, ಹರಿಹರಗಳಿಗೆ ಗಡಿ ದೂರ, ಯುದ್ಧ ದೂರವಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿದ್ದೇ ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ. ಯುದ್ಧಕಾಲ ಕೆಲವರಿಗೆ ಉದ್ಯೋಗವನ್ನೂ ತರುತ್ತದೆಂಬುದನ್ನು ಮರೆಮಾಚುವುದು ಸಲ್ಲ. ಆದರೆ ಲಾಭ ಹಂಚಿಕೆಯಾದಂತೆ ಹೊರೆ ಹಂಚಿಕೆಯಾಗುವುದಿಲ್ಲ.

1962ರಲ್ಲಿ ಚೀನಾ ಯುದ್ಧ ನಡೆದಾಗ ಮಾಲೀಕರೂ ಕಾರ್ಮಿಕ ಸಂಘಗಳೂ ‘ಕೈಗಾರಿಕಾ ಶಾಂತಿ’ಯ ನಿರ್ಣಯಕ್ಕೆ ಒಪ್ಪಿದರು: ಮುಷ್ಕರವೂ ಇಲ್ಲ, ಬೀಗಮುದ್ರೆಯೂ ಇಲ್ಲ. ಬೆಲೆಗಳನ್ನು ಹಿಡಿದಿಡುವ ಮಾತೂ ಅದರಲ್ಲಿತ್ತು. ಕಾರ್ಮಿಕರ ಬಾಯಿಗೆ ಬೀಗ ಬಿತ್ತು; ಬೆಲೆಗೆ ಬೀಳಲಿಲ್ಲ. ಹತ್ತಿಗಿರಣಿಗಳ ಊರಾದ ದಾವಣಗೆರೆಯ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನೆರೆಯ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ತವರಿಗೆ ತಂದ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಿತ್ತರು. ಒಳ್ಳೆಯ ಅಂಕಗಳಿದ್ದರೂ ಇಲ್ಲಿ ಸೀಟು ಕೈಗೆಟುಕದೆ ಅವನು ಅಷ್ಟು ದೂರ ಹೋಗಿದ್ದ. ಹಣವುಳ್ಳವರ ಮಕ್ಕಳಿಗೆ ಊರಿನಲ್ಲೇ ದೊರೆಯುವ ವಿದ್ಯೆಗಾಗಿ ಉಳಿದವರ ಮಕ್ಕಳು ಪರದೇಶಕ್ಕೆ ಹೋಗಬೇಕಾಯಿತು. ಅದೇ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿದಾಗ ತತ್ತರಿಸಿದ್ದು ದಿನಗೂಲಿಯವರ ಒಲೆ.

ಆದುದರಿಂದಲೇ ಶಾಂತಿಯ ಕೂಗು ಬಹಳ ಸಲ ಕೆಳಗಿನಿಂದ ಏಳುತ್ತದೆ. 1917ರ ಮಾರ್ಚ್ 8ರಂದು ರಷ್ಯದ ಪೆಟ್ರೊಗ್ರಾಡಿನಲ್ಲಿ ರೊಟ್ಟಿಗಾಗಿ ಬೀದಿಗಿಳಿದವರು ಬಟ್ಟೆಗಿರಣಿಗಳ ಹೆಂಗಸರು. ಅದೇ ವರ್ಷದ ಆಗಸ್ಟ್ 1ರಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಯುದ್ಧನಿರತ ರಾಷ್ಟ್ರಗಳಿಗೆ ಪತ್ರ ಬರೆದು, ಈ ವ್ಯರ್ಥ ನರಮೇಧವನ್ನು ನಿಲ್ಲಿಸಿರೆಂದು ಬೇಡಿದರು. ಎರಡೂ ಪಕ್ಷದವರು ಅವರನ್ನು ಅನುಮಾನಿಸಿದರು. ದಾರಿ ಬೇರೆಯಾದರೂ ಗಿರಣಿಯ ಹೆಂಗಸರೂ ಜಗದ್ಗುರುಗಳೂ ಕಂಡ ಸಂಕಟ ಒಂದೇ. ಇಂದಿನ ಜಗದ್ಗುರುಗಳು, 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಕುರಿತು ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋ ಅವರ ಹೆಸರನ್ನು ಆರಿಸಿಕೊಂಡಿರುವುದು ಆಕಸ್ಮಿಕವಲ್ಲ.

ಭಯೋತ್ಪಾದಕರಿಗೆ ಶಿಕ್ಷೆ ಬೇಡವೆಂದು ನಾವು ಹೇಳುತ್ತಿಲ್ಲ. ದೇಶವನ್ನು ಕಾಯುವುದು ಸರ್ಕಾರದ ಧರ್ಮ. ಆದರೆ ಯುದ್ಧದ ಹೆಸರಿನಲ್ಲಿ ಕೂಲಿಯ ಪ್ರಶ್ನೆ, ಬೆಲೆಯ ಪ್ರಶ್ನೆ, ಶಾಲೆ-ಆಸ್ಪತ್ರೆಗಳ ಪ್ರಶ್ನೆಯನ್ನು ಎತ್ತುವವರನ್ನು ದ್ರೋಹಿಗಳೆನ್ನುವುದು ದೇಶಭಕ್ತಿಯಲ್ಲ. ಗಡಿಯಲ್ಲಿ ನಿಲ್ಲುವ ಯೋಧರಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ ಮಕ್ಕಳೇ.

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಿ ಸೇರುವ ನಾವು ಯೋಧರಿಗಾಗಿ ಪ್ರಾರ್ಥಿಸೋಣ. ಜೊತೆಗೆ ಅವರ ಮನೆಯ ಒಲೆ ಆರದಿರಲೆಂದು ಬೇಡೋಣ. ಬೇಡಿದ್ದನ್ನು ನಮ್ಮ ಪ್ರತಿನಿಧಿಗಳ ಮುಂದೆಯೂ ಧೈರ್ಯವಾಗಿ ಹೇಳೋಣ.