ಅಂಚೆ ದರಕ್ಕಾಗಿ ಅಚ್ಚಾದ ಕತೆಗಳು

ಬೆಂಗಳೂರಿನಲ್ಲಿ ‘ಗ್ರಾಮೀಣ ಮಹಿಳಾ ಗ್ರಾಹಕರು’ ಅಂತ ಸ್ಲೈಡ್ ಹಾಕಿದ ಯಾವ ಮೀಟಿಂಗಿಗೇ ಹೋಗಿ, ಒಂದು ಮಾತು ಕೇಳದೆ ವಾಪಸ್ ಬರೋಕಾಗಲ್ಲ: ‘ಅವರಿಗೆ ಕ್ವಾಲಿಟಿ ಗಿವಾಲಿಟಿ ಬೇಕಿಲ್ಲ ಗುರೂ, ಫ್ರೀ ಅಂದ್ರೆ ಸಾಕು.’ ಹೇಳುವವನು ಸಾಮಾನ್ಯವಾಗಿ ಹಳ್ಳಿಯಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮಲಗಿದ್ದರೂ ಅದು ಹೋಮ್‌ಸ್ಟೇ. ಹಳ್ಳಿಯಲ್ಲೇ ಹುಟ್ಟಿ ಬೆಳೆದ ನನಗೆ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಜೊತೆಗೆ, ಇದೇನೋ ಇಂಟರ್ನೆಟ್ ಕಾಲದ ಹೊಸ ಜ್ಞಾನೋದಯ ಅನ್ನೋ ಹಾಗೆ ಹೇಳ್ತಾರಲ್ಲ, ಅದಕ್ಕೆ ನಗುವೂ ಬರುತ್ತೆ. ಅಮೆರಿಕದ ಮೇಯ್ನ್ ರಾಜ್ಯದ ಅಗಸ್ಟಾ ಅನ್ನೋ ಊರು ಈ ಮಾತಿನ ಮೇಲೆ ಉದ್ಯಮವನ್ನೇ ಕಟ್ಟಿತ್ತು, ಅದೂ 1869ರಲ್ಲಿ ಶುರುವಾಗಿ.

ಇ. ಸಿ. ಆಲೆನ್ ಅನ್ನೋ ತರುಣ ಅಲ್ಲಿ ಬಟ್ಟೆ ಒಗೆಯುವ ಪುಡಿಯ ವಿಧಾನವನ್ನು ಅಂಚೆಯಲ್ಲಿ ಮಾರುತ್ತಿದ್ದ. ಅದರ ಜಾಹೀರಾತಿಗೆಂದೇ ಒಂದು ಪತ್ರಿಕೆ ಮಾಡಿದ. ಹೆಸರು ‘ಪೀಪಲ್ಸ್ ಲಿಟರರಿ ಕಂಪ್ಯಾನಿಯನ್’. ಪುಡಿ ಮಾರೋಕೆ ಸಾಹಿತ್ಯ ಸಂಗಾತಿ! ಲಕ್ಷಗಟ್ಟಲೆ ಪ್ರತಿ ಹೋಯ್ತು. ನೋಡಿದವರು ಸುಮ್ಮನಿರ್ತಾರಾ, ಬೇರೆಯವರೂ ಇಳಿದರು. 1888ರಲ್ಲಿ ವಿಲಿಯಂ ಗ್ಯಾನೆಟ್ ತನ್ನ ‘ಆಕ್ಸಿಯೆನ್’ ಎಂಬ ನರದ ಟಾನಿಕ್ ಮಾರಲು ‘ಕಂಫರ್ಟ್’ ಶುರು ಮಾಡಿದ. ಅಮೆರಿಕದಲ್ಲಿ ಹತ್ತು ಲಕ್ಷ ಪ್ರಸಾರ ಮುಟ್ಟಿದ ಮೊದಲ ಪತ್ರಿಕೆ ಅಂತ ಹೆಸರಾಗಿದ್ದು ಇದೇ. ನ್ಯೂಯಾರ್ಕಿನದ್ದಲ್ಲ, ಬಾಸ್ಟನ್ನಿನದ್ದೂ ಅಲ್ಲ. ಅಗಸ್ಟಾದ ಆಗಿನ ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಅಷ್ಟು ಸಣ್ಣ ಊರಿಗೆ ಕೋಟೆಯಂಥ ಗ್ರಾನೈಟ್ ಅಂಚೆ ಕಚೇರಿ ಬೇಕಾಯಿತು ಅಂದರೆ ಹೊರಡುತ್ತಿದ್ದ ಮೂಟೆಗಳನ್ನು ನೀವೇ ಊಹಿಸಿಕೊಳ್ಳಿ.

ಗುಟ್ಟು ಇರೋದು ಅಂಚೆ ಕಾನೂನಿನಲ್ಲಿ. 1879ರ ಕಾನೂನು ಪತ್ರಿಕೆಗಳಿಗೆ ‘ಎರಡನೇ ದರ್ಜೆ’ ಅಂತ ಅಗ್ಗದ ದರ ಕೊಟ್ಟಿತು. 1885ರಿಂದ ಅದು ಪೌಂಡಿಗೆ ಒಂದೇ ಸೆಂಟು. ಅದೇ ಜಾಹೀರಾತನ್ನು ಬರೀ ಕರಪತ್ರವಾಗಿ ಕಳಿಸಿದರೆ ಎರಡು ಔನ್ಸಿಗೆ ಒಂದು ಸೆಂಟು, ಅಂದರೆ ಎಂಟು ಪಟ್ಟು. ಮುಖ್ಯವಾಗಿ ಜಾಹೀರಾತಿಗೋ, ಪುಕ್ಕಟೆ ಹಂಚೋದಕ್ಕೋ ಇರುವ ಪತ್ರಿಕೆಗೆ ಈ ದರ ಇಲ್ಲ ಅಂತಲೂ ಕಾನೂನು ಹೇಳಿತ್ತು. ಹಾಗಾಗಿ ಚಂದಾ ಅಂತ ವರ್ಷಕ್ಕೆ ಕಾಲು ಡಾಲರೋ ಅರ್ಧ ಡಾಲರೋ ಇಟ್ಟರು. ವಸೂಲಿ ಆಗದಿದ್ದರೂ ಪತ್ರಿಕೆ ಹೋಗುತ್ತಲೇ ಇರುತ್ತಿತ್ತು. ಧಾರಾವಾಹಿ, ಅಡುಗೆ, ಕಸೂತಿ ಹಾಕಿದರು. ಆ ಕತೆಗಳು ಅಲ್ಲಿದ್ದದ್ದು ಓದುವವಳಿಗಾಗಿ ಅಲ್ಲ ಸ್ವಾಮಿ, ಅಂಚೆ ಇಲಾಖೆಗಾಗಿ. ಸಾಹಿತ್ಯ ಅನ್ನೋದು ಟಾನಿಕ್ಕಿನ ಗೇಟ್ ಪಾಸು.

ಆಮೇಲೆ ಪಟ್ಟಣದವರು ಹೇಳಿದ್ದೇನು? ಹಳ್ಳಿ ಹೆಂಗಸರ ಅಭಿರುಚಿಯೇ ಇಷ್ಟು, ಇಂಥ ಕಸವನ್ನೇ ಓದ್ತಾರೆ ಅಂತ. ನಮ್ಮವ್ವ ಸಂತೆಯಿಂದ ಬಂದ ಬೆಲ್ಲದ ಪೊಟ್ಟಣದ ಕಾಗದವನ್ನೂ ಬಿಡಿಸಿ, ಸವರಿ, ಪೂರ್ತಿ ಓದ್ತಿದ್ಲು. ಅದರಲ್ಲಿದ್ದ ಟೆಂಡರ್ ಪ್ರಕಟಣೆಯೇ ಅವಳ ಅಭಿರುಚಿ ಅಂದರೆ ಹೇಗಿರುತ್ತೆ? ಮೈಲಿಗೊಂದು ಮನೆ, ಆರು ತಿಂಗಳು ಹಿಮ. ಮನೆ ಬಾಗಿಲಿಗೆ ಅಂಚೆ ತಲುಪಿಸುವ ವ್ಯವಸ್ಥೆ ಪ್ರಯೋಗಕ್ಕೆ ಶುರುವಾದದ್ದೇ 1896ರಲ್ಲಿ; ಅಲ್ಲೀತನಕ ಕಾಗದ ಬೇಕಂದ್ರೆ ಊರ ಅಂಚೆ ಕಚೇರಿಗೇ ಹೋಗಬೇಕು. ಅಂಥವಳ ಕೈಗೆ ಸಿಕ್ಕಿದ್ದು ಇದು. ಆರಿಸಿಕೊಂಡಿದ್ದಲ್ಲ.

ಅದೇ ಕಾಲದ ‘ಲೇಡೀಸ್ ಹೋಮ್ ಜರ್ನಲ್’ 1892ರಲ್ಲಿ ಇಂಥ ಔಷಧಿಗಳ ಜಾಹೀರಾತನ್ನೇ ಬಿಟ್ಟಿತು, ವರ್ಷಕ್ಕೆ ಡಾಲರ್ ತಗೊಂಡೂ ಹತ್ತು ಲಕ್ಷ ದಾಟಿತು. ಅದು ಪಟ್ಟಣದ ಹೆಂಗಸರ ಪತ್ರಿಕೆ ಅಂತೀರಿ. ಸರಿ. ಹೊಲಮನೆಯವಳ ಕೈಯಲ್ಲಿ ಆಡುತ್ತಿದ್ದದ್ದು ಮೊಟ್ಟೆ, ಬೆಣ್ಣೆ ಮಾರಿದ ಚಿಲ್ಲರೆ. ಅದು ಬಡತನ. ಬಡತನಕ್ಕೂ ಅಭಿರುಚಿಗೂ ವ್ಯತ್ಯಾಸ ಗೊತ್ತಿಲ್ಲದವರು ಮಾರುಕಟ್ಟೆಯ ಪಾಠ ಹೇಳಬಾರದು.

ನನ್ನ ನಿಜವಾದ ತಕರಾರು ಬೇರೆಯೇ ಇದೆ. ಓದುವವಳ ಗಮನವನ್ನು ಮಾರಿದರು ಅಂತ ನಾವು ಅಂದುಕೊಳ್ತೀವಿ. ಅವರು ಅದಕ್ಕಿಂತ ಬೆಲೆಬಾಳುವುದನ್ನು ಮಾರಿದರು. ಅಕ್ಕಪಕ್ಕದ ಹೆಂಗಸರನ್ನು ಚಂದಾದಾರರನ್ನಾಗಿ ಮಾಡಿಸು, ಬಹುಮಾನ ತಗೋ. ಏಜೆಂಟ್ ಆಗಿ ಆಕ್ಸಿಯೆನ್ ಮಾರು, ಕಮಿಷನ್ ತಗೋ. ಕಂಪನಿಯನ್ನು ನಂಬದವಳೂ ಹೆರಿಗೆಗೆ ಬಂದ ನೆರೆಮನೆಯವಳನ್ನು ನಂಬ್ತಾಳಲ್ಲ, ಆ ನಂಬಿಕೆಯನ್ನೇ ಬಾಟಲಿಗೆ ತುಂಬಿದರು. ಟಾನಿಕ್ ಕುಡಿದು ಏನೂ ಆಗದಿದ್ದಾಗ ಮುಖ ತಪ್ಪಿಸಬೇಕಾದವಳು ಗ್ಯಾನೆಟ್ ಅಲ್ಲ, ಅವಳು. ಇವತ್ತಿನ ‘ರೆಫರ್ ಮಾಡಿ, ಐವತ್ತು ರೂಪಾಯಿ ಪಡೆಯಿರಿ’ ಬರೆದವರಿಗೆ ಈ ಲೆಕ್ಕ ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣಲ್ಲ.

1908ರ ಹೊತ್ತಿಗೆ ಅಂಚೆ ಇಲಾಖೆ ಬಿಗಿ ಮಾಡಿತು: ಚಂದಾ ಬಾಕಿ ಉಳಿಸಿಕೊಂಡವರಿಗೆ ಅಗ್ಗದ ದರದಲ್ಲಿ ಕಳಿಸುತ್ತಲೇ ಇರುವಂತಿಲ್ಲ. ಈ ಜಾತಿಯ ಎಷ್ಟೋ ಪತ್ರಿಕೆಗಳ ಉಸಿರು ಅಲ್ಲಿಗೆ ಸಿಕ್ಕಿಕೊಂಡಿತು. ಕಂಫರ್ಟ್ ಮಾತ್ರ 1942ರ ತನಕ ಬದುಕಿತು. ಟಾನಿಕ್ಕಿನಿಂದ ಬದುಕಿತು ಅಂತ ನನಗನ್ನಿಸಲ್ಲ. ಅದರಲ್ಲಿ ಓದುಗ ಹೆಂಗಸರೇ ಒಬ್ಬರಿಗೊಬ್ಬರು ಬರೆದುಕೊಳ್ಳುವ ‘ಸೋದರಿಯರ ಮೂಲೆ’ ಇತ್ತು. ಇಡೀ ಪತ್ರಿಕೆಯಲ್ಲಿ ಅಂಚೆ ದರಕ್ಕಾಗಿ ಅಚ್ಚಾಗದ ಪುಟ ಅದೊಂದೇ ಅನ್ನಬಹುದೇನೋ. ಅಲ್ಲಿಗೊಂದು ಕಾಗದ ಬರೆಯಲು ಅವಳಿಗೆ ಬೇಕಿದ್ದದ್ದು ಎರಡು ಸೆಂಟಿನ ಸ್ಟಾಂಪು. ಅಷ್ಟೇ ದುಡ್ಡಿಗೆ ಗ್ಯಾನೆಟ್ ಎರಡು ಪೌಂಡ್ ಪತ್ರಿಕೆ ಕಳಿಸುತ್ತಿದ್ದ.