ಕೇಳಿದ್ರೆ ಬೇಡ ಅಂತಿದ್ವಾ?

ರಾತ್ರಿ ಹನ್ನೊಂದೂಮುಕ್ಕಾಲು ಇರಬೇಕು. ಗಾಡಿಯ ಗಾಜಿನ ಮೇಲೆ ಟಾರ್ಚ್ ಬೆಳಕು ಬಿತ್ತು. ಹಿಂದೆಯೇ ಬಾನೆಟ್ ಮೇಲೆ ಕೋಲಿನಿಂದ ಎರಡು ಏಟು. ಮಗಳು ನನ್ನ ಮಗ್ಗುಲಲ್ಲಿ ಗಾಢ ನಿದ್ದೆಯಲ್ಲಿದ್ದಳು. ನಮ್ಮವರು ಎದ್ದು ಕೂತರು. ಹೊರಗೆ ಮೂರ್ನಾಲ್ಕು ಜನ, ಒಂದು ನಾಯಿ, ತೆಲುಗು ಕನ್ನಡ ಎರಡೂ ಬೆರೆತ ಒಂದು ಗಟ್ಟಿ ದನಿ: "ಎವುರ್ರಾ ಅದಿ? ಇಳೀರಿ ಕೆಳಗೆ!"

ಇದು ನಡೆದದ್ದು ಶ್ರೀನಿವಾಸಪುರದ ಹತ್ತಿರ, ಜೂನ್ ಮೊದಲ ವಾರ. ಶ್ರೀನಿವಾಸಪುರ ಅಂದ್ರೆ ಮಾವು, ಜೂನ್ ಅಂದ್ರೆ ಕೊಯ್ಲು. ನಾವು ರಸ್ತೆಯಿಂದ ನೂರಡಿ ಒಳಗೆ, ಮರಗಳ ಮಧ್ಯೆ, ಎಲ್ಲಾ ಲೈಟ್ ಆರಿಸಿ, ಗಾಜಿಗೆ ಕಪ್ಪು ಬಟ್ಟೆ ಕಟ್ಟಿ ಮಲಗಿದ್ದೆವು. ಮೇಲೆ ಬೆಂಗಳೂರು ನಂಬರಿನ ವ್ಯಾನು. ಮಾವಿನಕಾಯಿ ಕದಿಯೋಕೆ ಬಂದವರು ಹೇಗಿರ್ತಾರೋ, ಥೇಟ್ ಹಾಗೇ ಇದ್ದೆವು.

ನಮ್ಮ ಈಕೋ ವ್ಯಾನಿನಲ್ಲಿ ವಾರಾಂತ್ಯ ಕಳೆಯೋ ವಿಷಯ ಇಲ್ಲಿ ಬರೆದಾಗಿನಿಂದ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ರಾತ್ರಿ ಗಾಡಿ ಎಲ್ಲಿ ನಿಲ್ಲಿಸ್ತೀರಾ, ಎಷ್ಟು ಕೊಡ್ತೀರಾ? ಎಷ್ಟು ಅನ್ನೋದಕ್ಕೆ ಉತ್ತರ ಸುಲಭ: ಏನೂ ಇಲ್ಲ. ಎಲ್ಲಿ ಅನ್ನೋದಕ್ಕೆ ಮಾತ್ರ ಆ ಟಾರ್ಚಿನಿಂದಲೇ ಶುರು ಮಾಡಬೇಕು.

ಮೊದಲು ನಾನೇ ಬಾಗಿಲು ಸರಿಸಿ ಇಳಿದೆ. ನೈಟಿ ಮೇಲೆ ದುಪ್ಪಟ್ಟಾ ಹೊದ್ದ ಹೆಂಗಸು, ಹಿಂದೆ ಎದ್ದು ಅಳೋಕೆ ಶುರು ಮಾಡಿದ ಆರು ವರ್ಷದ ಮಗು. ದನಿ ಸ್ವಲ್ಪ ತಗ್ಗಿತು. ಆದರೂ ಒಬ್ಬ ಹುಡುಗ ಬಿಡಲಿಲ್ಲ, "ಡಿಕ್ಕಿ ತೆಗೀರಿ, ಇಲ್ಲಾಂದ್ರೆ ಪೊಲೀಸ್‌ಗೆ ಫೋನ್ ಮಾಡ್ತೀನಿ" ಅಂದ. ತೆಗೆದೆವು. ಹಾಸಿಗೆ, ಕುಕ್ಕರ್, ನೀರಿನ ಕ್ಯಾನ್, ಮಗಳ ಬಣ್ಣದ ಪೆನ್ಸಿಲ್ ಡಬ್ಬಿ. ನಮ್ಮ ಗ್ರಹಚಾರಕ್ಕೆ ಐದು ಕೆಜಿ ಮಾವಿನಹಣ್ಣು ಕೂಡ! ಮಧ್ಯಾಹ್ನ ರಸ್ತೆ ಪಕ್ಕ ಕೊಂಡಿದ್ದು. ಬಿಲ್ಲು ಎಲ್ಲಿಂದ ತರೋದು? ನನ್ನ ಕಾಲು ನಡುಗುತ್ತಿತ್ತು.

ಆಗ ಹಿಂದಿನಿಂದ ಒಬ್ಬ ವಯಸ್ಸಾದವರು ಬಂದರು. ತೋಟದ ಕಾವಲಿನ ತಾತ. ಒಂದು ಹಣ್ಣು ತೆಗೆದು ಮೂಸಿ ನೋಡಿ, "ಇದು ಬಾದಾಮಿ. ನಮ್ಮದೆಲ್ಲಾ ತೋತಾಪುರಿ" ಅಂದರು. ಅಷ್ಟೇ. ಕೋಲುಗಳು ಕೆಳಗಿಳಿದವು. ತಾತ ನನ್ನ ಕಡೆ ತಿರುಗಿ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಅಲ್ಲಮ್ಮಾ, ಅಗೋ ಅಲ್ಲೇ ನಮ್ ಗುಡಿಸಲೈತೆ, ದೀಪ ಉರೀತಿತ್ತು. ಬಂದು ಒಂದ್ ಮಾತು ಕೇಳಿದ್ರೆ ಬೇಡ ಅಂತಿದ್ವಾ?"

ನಾವು ಕೇಳಿರಲಿಲ್ಲ. ಕೇಳಿದರೆ ಬೇಡ ಅಂತಾರೆ ಅನ್ನೋ ಭಯಕ್ಕೇ ಕೇಳಿರಲಿಲ್ಲ. ಅಪಾರ್ಟ್‌ಮೆಂಟಲ್ಲಿ ಪಕ್ಕದ ಮನೆಯವರ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಗಾಡಿ ಇಟ್ಟರೂ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಬೀಳುವ ಊರಿನಿಂದ ಹೋದವರು ನಾವು.

ಗಾಡಿಯನ್ನು ತಾತನ ಗುಡಿಸಲ ಪಕ್ಕಕ್ಕೆ ತಂದು ನಿಲ್ಲಿಸಿದೆವು. ನಾಯಿ ನಮ್ಮ ಟೈರಿಗೆ ಒರಗಿಕೊಂಡೇ ಮಲಗಿತು. ಬೆಳಿಗ್ಗೆ ಟೀ ಕುಡಿಯುವಾಗ ತಾತ ಲೆಕ್ಕ ಹೇಳಿದರು. ಇಲ್ಲಿ ಎಷ್ಟೋ ತೋಟಗಳ ಫಸಲನ್ನು ಹೂ ಬಿಟ್ಟಾಗಲೇ ವ್ಯಾಪಾರಿಗಳು ಗುತ್ತಿಗೆಗೆ ಹಿಡಿಯುತ್ತಾರೆ. ಆಮೇಲೆ ಮಳೆ, ಗಾಳಿ, ಹುಳ, ಕಳ್ಳರು ಎಲ್ಲವೂ ಗುತ್ತಿಗೆದಾರನ ತಲೆ ಮೇಲೆ. ಕಾವಲಿನವರು ತಿಂಗಳುಗಟ್ಟಲೆ ತೋಟದಲ್ಲೇ ಮಲಗುತ್ತಾರೆ. ರಾತ್ರೋರಾತ್ರಿ ಒಂದು ವ್ಯಾನ್ ಕಾಯಿ ಹೋದರೆ ಯಾರ ಕೂಲಿಯಲ್ಲಿ ಕಡಿತ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾಪಿನಲ್ಲಿ ನಮಗೆ ಬರೀ ಹಸಿರು ಚುಕ್ಕೆಯಾಗಿ ಕಂಡಿದ್ದು ಅವರ ಇಡೀ ವರ್ಷದ ದುಡಿಮೆ.

"ಗಾಡಿ ಬಿಟ್ಟು ಮಲಗಾಕೆ ಅಂತಲೇ ಊರಾಗೆ ತೋಪಿತ್ತಲ್ಲ" ಅಂತ ತಾತ ಇನ್ನೊಂದು ಮಾತು ಹೇಳಿದರು. ಅವರು ಹೇಳಿದ್ದು ಗುಂಡುತೋಪಿನ ಬಗ್ಗೆ. ನಾನು ಶಾಲೆಯಲ್ಲಿ ಆ ಪದ ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಊರಂಚಿನಲ್ಲಿ ಮಾವು, ಹುಣಸೆ, ನೇರಳೆ, ಹಲಸು, ಹೊಂಗೆ ನೆಟ್ಟು ಬೆಳೆಸಿದ ಸಾರ್ವಜನಿಕ ತೋಪು. ಸಂತೆಗೆ, ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವವರು ಅಲ್ಲಿ ಕೊಳ್ಳು ಇಳಿಸಿ, ಎತ್ತುಗಳಿಗೆ ಹುಲ್ಲು ಹಾಕಿ, ಮೂರು ಕಲ್ಲಿಟ್ಟು ಅನ್ನ ಬೇಯಿಸಿ, ಗಾಡಿ ಕೆಳಗೇ ಮಲಗುತ್ತಿದ್ದರು. ಹತ್ತಿರದಲ್ಲೇ ಕೆರೆಯೋ ಬಾವಿಯೋ ಇರುತ್ತಿತ್ತು. ಕಮಾನು ಕಟ್ಟಿದ ಗಾಡಿಯಾದರೆ ಒಳಗೇ ಹಾಸಿಗೆ. ನಾವು ಪ್ಲೈವುಡ್ ಹಲಗೆಗೆ ದುಡ್ಡು ಸುರಿದು ಮಾಡಿಕೊಂಡಿದ್ದು ಅದನ್ನೇ ಅಲ್ವಾ?

ಕೋಲಾರ ಜಿಲ್ಲೆಯಲ್ಲಿ ಈ ತೋಪುಗಳು ಇನ್ನೂ ಇವೆ. ಎಷ್ಟೋ ಕಡೆ ಮರ ಹೋಗಿ ಶಾಲೆ, ಅಂಗನವಾಡಿ, ಬಸ್ ನಿಲ್ದಾಣ ಎದ್ದಿವೆ. ಕೆಲವು ಕಡೆ ನೀಲಗಿರಿ ನೆಟ್ಟಿದ್ದಾರೆ. ತಾತ ತೋರಿಸಿದ ತೋಪಿನಲ್ಲಿ ಹುಣಸೆ ಮರಗಳು ಉಳಿದಿದ್ದವು, ನಡುವೆ ಒಂದು ಕ್ರಿಕೆಟ್ ಪಿಚ್.

ಹೊರದೇಶಗಳಲ್ಲಿ ಇದಕ್ಕೆ ದೊಡ್ಡ ವ್ಯವಸ್ಥೆಯೇ ಇದೆ. ಫ್ರಾನ್ಸಿನಲ್ಲಿ 1993ರಿಂದ 'ಫ್ರಾನ್ಸ್ ಪ್ಯಾಸಿಯೋಂ' ಅಂತ ಒಂದು ಜಾಲ. ಅದಕ್ಕೆ ಸೇರಿದ ರೈತರು, ದ್ರಾಕ್ಷಿ ತೋಟದವರು ಮೋಟರ್‌ಹೋಮ್‌ನವರಿಗೆ ಒಂದು ರಾತ್ರಿ ಪುಕ್ಕಟೆ ಜಾಗ ಕೊಡುತ್ತಾರೆ. ಅಮೆರಿಕದಲ್ಲಿ 'ಬೂಂಡಾಕರ್ಸ್ ವೆಲ್ಕಮ್' ಅಂತ ಇದೆ, ಅಲ್ಲಿ ಜನ ತಮ್ಮ ಮನೆ ಅಂಗಳವನ್ನೇ ಬಿಟ್ಟುಕೊಡುತ್ತಾರೆ. ಕರೆಂಟು ನೀರಿಲ್ಲದ ಬಯಲಲ್ಲಿ ಗಾಡಿ ನಿಲ್ಲಿಸಿ ಇರೋದಕ್ಕೆ ಅವರು ಬೂಂಡಾಕಿಂಗ್ ಅಂತಾರೆ. ಫಿಲಿಪ್ಪೀನ್ಸಿನ ಟಗಲಾಗ್ ಭಾಷೆಯಲ್ಲಿ ಬುಂಡೊಕ್ ಅಂದ್ರೆ ಬೆಟ್ಟ, ಅಲ್ಲಿಗೆ ಹೋಗಿದ್ದ ಅಮೆರಿಕದ ಸೈನಿಕರು ಆ ಪದ ಹೊತ್ತು ತಂದರು. ಅಲ್ಲಿ ಬಯಲು ಸೀಮೆಯ ಎಷ್ಟೋ ಸರ್ಕಾರಿ ಜಾಗದಲ್ಲಿ 14 ದಿನದವರೆಗೆ ಪುಕ್ಕಟೆ ಇರಬಹುದು. ಇದನ್ನು ಓದಿಕೊಂಡೇ ನಾವು, ಖಾಲಿ ಕಂಡಿದ್ದೆಲ್ಲಾ ಖಾಲಿ ಅಂದುಕೊಂಡು ಹೊರಟಿದ್ದು. ನಮ್ಮ ಕಡೆ ಗೋಮಾಳ ಕೂಡ ಖಾಲಿ ಅಲ್ಲ, ಬೆಳಿಗ್ಗೆ ಆರಕ್ಕೆ ಕುರಿ ಬರುತ್ತೆ.

ಈಗ ನಾಲ್ಕು ತಾಲ್ಲೂಕಿನ ನಮ್ಮ ಅನುಭವ ಹೇಳ್ತೀನಿ.

ಕೋಲಾರ, ಮುಳಬಾಗಿಲು ಎರಡೂ ಬೆಂಗಳೂರಿನಿಂದ ಚಿತ್ತೂರು ಕಡೆ ಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಮೊದಲ ಸಲ ಹೊರಡುವವರಿಗೆ ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕೇ ಒಳ್ಳೇದು. ಡೀಸೆಲ್ಲೋ ಪೆಟ್ರೋಲೋ ಹಾಕಿಸಿ, ಮ್ಯಾನೇಜರ್ ಹತ್ರ "ಫ್ಯಾಮಿಲಿ ಇದ್ದೀವಿ, ಬೆಳಿಗ್ಗೆವರೆಗೂ ಪಕ್ಕಕ್ಕೆ ನಿಲ್ಲಿಸ್ಲಾ?" ಅಂತ ಕೇಳಿ. ನಮಗೆ ಇಲ್ಲ ಅಂದವರು ಒಬ್ಬರೇ, ಅದೂ ಆ ರಾತ್ರಿ ಟ್ಯಾಂಕರ್ ಬರೋದಿತ್ತು ಅಂತ. ಲೈಟ್ ಇರುತ್ತೆ, ಟಾಯ್ಲೆಟ್ ಇರುತ್ತೆ, ನಿದ್ದೆ ಮಾತ್ರ ಅರ್ಧ. ಕೋಲಾರದ ಎಪಿಎಂಸಿ ಟೊಮೆಟೊಗೆ ದೇಶಕ್ಕೇ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು, ಸೀಸನ್ನಿನಲ್ಲಿ ರಾತ್ರಿಯಿಡೀ ಲಾರಿ ಓಡಾಟ. ಆದರೆ ಗಾಡಿಯಲ್ಲಿ ಮಲಗುವ ವಿದ್ಯೆಗೆ ಲಾರಿ ಡ್ರೈವರ್‌ಗಳಿಗಿಂತ ದೊಡ್ಡ ಮೇಷ್ಟ್ರಿಲ್ಲ. ಗಾಡಿಯ ಮೂತಿ ಯಾವಾಗಲೂ ಹೊರಗಡೆಗೆ ಇರಲಿ, ಎದ್ದ ತಕ್ಷಣ ಹೊರಡೋ ಹಾಗೆ ಅಂತ ಹೇಳಿಕೊಟ್ಟಿದ್ದು ಅಂಥ ಒಬ್ಬರೇ.

ಕೋಲಾರದ ಅಂತರಗಂಗೆ ಬೆಟ್ಟ ಎಲ್ಲರಿಗೂ ಮೊದಲು ನೆನಪಾಗುತ್ತೆ. ಬೇಡ. ಅದು ಅರಣ್ಯ, ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ, ಬೆಟ್ಟದ ಸಾಲಲ್ಲಿ ಚಿರತೆಯೂ ಇದೆ. ಬೆಳಿಗ್ಗೆ ಹತ್ತಿ, ಸಂಜೆಯೊಳಗೆ ಇಳಿದು ಬನ್ನಿ.

ಮುಳಬಾಗಿಲು ನನಗೆ ಹೆಚ್ಚು ಇಷ್ಟ. ಹೆಸರೇ ಮೂಡಲ ಬಾಗಿಲು. ಬೆಳಗಿನ ದೋಸೆಗೋಸ್ಕರವೇ ಹಿಂದಿನ ರಾತ್ರಿ ಅಲ್ಲಿ ಮಲಗಬಹುದು, ಉತ್ಪ್ರೇಕ್ಷೆ ಅಲ್ಲ! ಹತ್ತಿರದಲ್ಲೇ ಕುರುಡುಮಲೆ, 13.5 ಅಡಿಯ ಗಣೇಶ ಇರುವ ಊರು. ಇನ್ನೊಂದು ಕಡೆ ಆವಣಿ. ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಜನ ನಂಬುವ ಬೆಟ್ಟ, ಕೆಳಗೆ ರಾಮಲಿಂಗೇಶ್ವರ ದೇವಸ್ಥಾನ. ಶಿವರಾತ್ರಿ ಹೊತ್ತಿಗೆ ಆವಣಿಯಲ್ಲಿ ದನಗಳ ಜಾತ್ರೆ ಸೇರುತ್ತೆ. ರೈತರು ಎತ್ತುಗಳ ಜೊತೆ ಬಯಲಲ್ಲೇ ಚಪ್ಪರ ಹಾಕಿಕೊಂಡು ದಿನಗಟ್ಟಲೆ ಇರುತ್ತಾರೆ. ಎರಡು ವರ್ಷದ ಹಿಂದೆ ಆ ಬಯಲ ಅಂಚಿನಲ್ಲಿ ನಮ್ಮ ವ್ಯಾನೂ ಒಂದು ರಾತ್ರಿ ನಿಂತಿತ್ತು. ಪಕ್ಕದವರು ಮುದ್ದೆ ಸಾರು ಕೊಟ್ಟರು, ನಮ್ಮ ಪ್ಯಾಕೆಟ್ ಉಪ್ಪಿಟ್ಟು ಕೊಡೋಕೆ ನಮಗೇ ನಾಚಿಕೆಯಾಯಿತು.

ಮಾಲೂರು ಕಡೆ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಧೂಳು, ಲಾರಿ. ಚಿಕ್ಕತಿರುಪತಿ ದೇವಸ್ಥಾನದ ಸುತ್ತ ಸಿಬ್ಬಂದಿಯನ್ನು ಕೇಳಿ ನಿಲ್ಲಿಸಬಹುದು, ಆದರೆ ಶ್ರಾವಣ ಶನಿವಾರಗಳಲ್ಲಿ ಆ ಕಡೆ ತಲೆ ಹಾಕಬೇಡಿ.

ಇನ್ನು ಕೆರೆ. ಜಿಲ್ಲೆಯಲ್ಲಿ 2,000ಕ್ಕೂ ಹೆಚ್ಚು ಕೆರೆಗಳಿವೆ. ಒಣಗಿದ ಕೆರೆಯಂಗಳ ಸಮತಟ್ಟಾಗಿ, ಗಾಡಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಹೋಗಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿಯುತ್ತಿದೆ. 2021ರ ನವೆಂಬರ್ ಮಳೆಗೆ ದಶಕಗಳಿಂದ ಒಣಗಿದ್ದ ಕೆರೆಗಳೂ ಕೋಡಿ ಬಿದ್ದವು. ಸಂಜೆ ಗಟ್ಟಿಯಿದ್ದ ಮಣ್ಣು ಒಂದು ಮಳೆಗೆ ಟೈರು ನುಂಗುತ್ತೆ. ಆ ಹೊತ್ತಲ್ಲಿ ಟ್ರ್ಯಾಕ್ಟರ್ ಹುಡುಕೋ ಕಷ್ಟ ನನಗೆ ಗೊತ್ತು.

ಕೇಳೋದು ಹೇಗೆ? ಕತ್ತಲಾಗೋ ಮುಂಚೆ, ಐದು ಐದೂವರೆಗೆಲ್ಲಾ. ರಾತ್ರಿ ಒಂಬತ್ತಕ್ಕೆ ಹೋಗಿ ಬಾಗಿಲು ತಟ್ಟಿದರೆ ಯಾರಾದರೂ ಹೆದರುತ್ತಾರೆ. ನಾವು ಮೊದಲು ಊರಿನ ಅಂಗಡಿಯಲ್ಲಿ ಬಿಸ್ಕತ್ತು, ಹಾಲು ಏನಾದರೂ ಕೊಳ್ಳುತ್ತೇವೆ, ಅಲ್ಲೇ ಕೇಳುತ್ತೇವೆ. ಐದು ನಿಮಿಷದಲ್ಲಿ ಜಾಗ ಯಾರದು ಅಂತ ಗೊತ್ತಾಗುತ್ತೆ, ಹತ್ತು ನಿಮಿಷದಲ್ಲಿ ಇಡೀ ಊರಿಗೆ ನಾವು ಬಂದಿರೋದು ಗೊತ್ತಾಗುತ್ತೆ. ಎರಡನೆಯದೇ ನಮಗೆ ಬೇಕಾಗಿರೋದು. ನಾನೇ ಇಳಿದು ಕೇಳ್ತೀನಿ, ಮಗಳ ಕೈ ಹಿಡ್ಕೊಂಡು. "ಅಣ್ಣಾ, ಅಕ್ಕಾ, ಒಂದು ರಾತ್ರಿ ಗಾಡಿಯಲ್ಲೇ ಮಲ್ಕೊಂಡು ಬೆಳಿಗ್ಗೆ ಹೋಗ್ತೀವಿ, ಒಲೆ ಹಚ್ಚಲ್ಲ, ಕಸ ಬಿಡಲ್ಲ, ಕುಡಿಯಲ್ಲ." ಕೊನೆಯ ಮಾತು ಮುಖ್ಯ. ಬೆಂಗಳೂರಿನ ಗಾಡಿ ಅಂದ ಕೂಡಲೇ ಅವರಿಗೆ ನೆನಪಾಗೋದು ತೋಟದಲ್ಲಿ ಒಡೆದು ಬಿದ್ದಿರೋ ಬಿಯರ್ ಬಾಟಲಿ. ನಮಗಿಂತ ಮುಂಚೆ ಬಂದವರ ಸಾಲ ನಾವು ತೀರಿಸಬೇಕು.

ಹೆಣ್ಣುಮಕ್ಕಳಿಗೆ ನಿಜವಾದ ಸಮಸ್ಯೆ ಟಾಯ್ಲೆಟ್. ಎಲ್ಲರೂ ಸೂರ್ಯಾಸ್ತದ ಫೋಟೋ ಹಾಕ್ತಾರೆ, ಇದನ್ನು ಬರೆಯಲ್ಲ. ಸಂಜೆ ಬಂಕಿನಲ್ಲಿ ಒಂದು ಸಲ, ಬೆಳಿಗ್ಗೆ ಮನೆಯವರನ್ನು ಕೇಳಿ ಒಂದು ಸಲ. ಮಧ್ಯರಾತ್ರಿಗೆ ಅಂತ ಮಡಚುವ ಕಮೋಡ್ ಸ್ಟೂಲು, ದಪ್ಪ ಚೀಲ ಇಟ್ಟುಕೊಂಡಿದ್ದೀನಿ, ಚೀಲ ವಾಪಸ್ ಬೆಂಗಳೂರಿಗೇ ಬರುತ್ತೆ. ಆ ದಿನಗಳಲ್ಲಿ ನಾನು ಹೋಗೋದೇ ಇಲ್ಲ ಅಥವಾ ಲಾಡ್ಜ್ ಹಿಡೀತೀನಿ, ಅದರಲ್ಲಿ ಸೋಲೇನೂ ಇಲ್ಲ.

ಎಷ್ಟೇ ಸೆಕೆಯಾದರೂ ಎಂಜಿನ್ ಆನ್ ಮಾಡಿ, ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಒಳಗೆ ಒಲೆ, ಇದ್ದಿಲು ಕೂಡದು. ಎರಡೂ ಕಡೆ ಗಾಜು ಎರಡು ಬೆರಳಷ್ಟು ಇಳಿಸಿ ಸೊಳ್ಳೆ ಪರದೆ ಸಿಕ್ಕಿಸಿ. ಕೋಲಾರ 800 ಮೀಟರಿಗೂ ಎತ್ತರದಲ್ಲಿದೆ, ಮೇ ತಿಂಗಳು ಬಿಟ್ಟರೆ ರಾತ್ರಿ ತಂಪೇ. ಎಲ್ಲಿದ್ದೀವಿ ಅಂತ ಲೊಕೇಶನ್ ಅಮ್ಮನಿಗೆ ಕಳಿಸ್ತೀನಿ, ತುರ್ತಿಗೆ 112. ಗಾಡಿಗೆ ಹಾಸಿಗೆ ಮಾಡಿಸುವವರು ಸೀಟು ಕಿತ್ತು, ಬಾಡಿ ಕೊರೆದು ಮಾಡಿಸಬೇಡಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. ನಮ್ಮದು ಮಡಚಿದ ಸೀಟಿನ ಮೇಲೆ ಸುಮ್ಮನೆ ಕೂರೋ ಹಲಗೆ, ಸೋಮವಾರ ಮಂಚದ ಕೆಳಗೆ ಹೋಗುತ್ತೆ.

ದುಡ್ಡು ಕೊಡೋಕೆ ಹೋದರೆ ಹೆಚ್ಚಿನವರು ಬೇಜಾರು ಮಾಡ್ಕೋತಾರೆ. ಹಾಗಂತ ಪುಕ್ಕಟೆ ಅಂತ ಎದ್ದು ಬರೋದೂ ಸರಿಯಲ್ಲ. ಅವರು ಬೆಳೆದಿದ್ದನ್ನು ಕೊಳ್ಳಿ, ಚೌಕಾಸಿ ಬೇಡ. ಟೊಮೆಟೊ ಬೆಲೆ ಬಿದ್ದ ವರ್ಷ ಒಬ್ಬರ ಹತ್ರ ಒಂದು ಬಾಕ್ಸ್ ಪೂರ್ತಿ ಕೊಂಡು ಆಫೀಸಿನಲ್ಲಿ ಹಂಚಿದೆ. ಇವರು ಒಂದು ಕಡೆ ಮಗನ ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನಿನಲ್ಲಿ ತುಂಬಿಕೊಟ್ಟರು, ಒಂದೂವರೆ ಗಂಟೆ ಹಿಡೀತು, ಸರ್ವರ್ ಕೈಕೊಟ್ಟು.

ಆ ತಾತನ ಗುಡಿಸಲಿಗೆ ಆಮೇಲೆ ಎರಡು ಸೀಸನ್ ಹೋಗಿದ್ದೀವಿ. ಕಳೆದ ವರ್ಷ ಗುತ್ತಿಗೆದಾರ ಬದಲಾಗಿದ್ದರು, ತಾತನೇ ಅವರಿಗೆ "ನಮ್ಮೋರೇ" ಅಂತ ಪರಿಚಯ ಮಾಡಿಸಿದರು. ಅವತ್ತು ಪೊಲೀಸ್ ಅಂದಿದ್ದ ಹುಡುಗ ಈಗ ಕೋಲಾರದಲ್ಲಿ ಡಿಪ್ಲೊಮಾ ಓದ್ತಿದ್ದಾನೆ, ಮಗಳಿಗೆ ಕವಣೆ ಹೊಡೆಯೋದು ಕಲಿಸಿದ್ದಾನೆ. ಮೊನ್ನೆ ತಾತ ಅವನ ಫೋನಿಂದ ಮಾತಾಡಿದರು. ಈ ಸಲ ಹೂವು ಕಮ್ಮಿಯಂತೆ, ಕಾಯಿ ತಡವಂತೆ, ಜೂನ್ ಎರಡನೇ ವಾರ ಬನ್ನಿ ಅಂದರು. ಬರುವಾಗ ಒಂದು ದೊಡ್ಡ ಟಾರ್ಚ್ ತರಬೇಕಂತೆ, ಅವರದು ಕೆಟ್ಟಿದೆ.